ಬಾರದ ಮಗನಿಗೆ ಎತ್ತಿಟ್ಟ ಅನ್ನ

ಪ್ರಶ್ನೆ: ನಾವು ಟೊರಾಂಟೊದ ಸ್ಕಾರ್ಬರೋದಲ್ಲಿದ್ದೇವೆ. ಪಕ್ಕದ ಮನೆಯವರು ಶ್ರೀಲಂಕಾದ ಮುಲ್ಲೈತೀವು ಕಡೆಯ ತಮಿಳರು. ಆ ಮನೆಯ ಅಜ್ಜಿಯ ಮಗ 2009ರ ಮೇ ತಿಂಗಳಲ್ಲಿ, ಯುದ್ಧದ ಕೊನೆಯ ದಿನಗಳಲ್ಲಿ ಸೇನೆಗೆ ಶರಣಾದನಂತೆ. ಆಮೇಲೆ ಸುದ್ದಿಯಿಲ್ಲ. ಇವತ್ತಿಗೂ ಅಜ್ಜಿ ರಾತ್ರಿ ಅವನ ಪಾಲಿನ ಅನ್ನ ಎತ್ತಿಡುತ್ತಾರೆ, ಸೊಸೆ ತಾಳಿ ತೆಗೆದಿಲ್ಲ. ಅಪ್ಪನ ಮುಖವನ್ನೇ ನೋಡದ ಮೊಮ್ಮಗನೆದುರು ಯಾರೂ ಆ ಮಾತೆತ್ತುವುದಿಲ್ಲ. ಊರಿಂದ ಬಂದಿದ್ದ ನಮ್ಮಮ್ಮ ‘ಇನ್ನಾದರೂ ಶ್ರಾದ್ಧ ಮಾಡಿಸಿ, ನೆಮ್ಮದಿ ಸಿಗುತ್ತೆ’ ಅಂದುಬಿಟ್ಟರು. ಅವತ್ತಿನಿಂದ ಅಜ್ಜಿ ಮಾತು ಬಿಟ್ಟಿದ್ದಾರೆ. ತಪ್ಪೇನಾಯಿತು?

ಉತ್ತರ: ನಿಮ್ಮಮ್ಮ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ಅಜ್ಜಿಯ ಕಿವಿಗೆ ಅದು ಬಿದ್ದದ್ದು ‘ಮಗ ಸತ್ತ ಅಂತ ನೀವೇ ತೀರ್ಮಾನ ಮಾಡಿ’ ಎಂದು. ಶವ ಕಾಣದೆ, ಯಾರೂ ಹೊಣೆ ಹೊತ್ತು ಹೇಳದೆ, ಹೆತ್ತವಳು ಆ ತೀರ್ಪು ಕೊಡುವುದು ಹೇಗೆ?

ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು ಅಧ್ಯಯನ ಮಾಡಿ ಇಂಥದ್ದಕ್ಕೊಂದು ಹೆಸರು ಕೊಟ್ಟರು: ‘ಆಂಬಿಗ್ಯುಯಸ್ ಲಾಸ್’. ಕನ್ನಡದಲ್ಲಿ ‘ನಿಶ್ಚಯವಿಲ್ಲದ ಅಗಲಿಕೆ’ ಅನ್ನಬಹುದು. ಇಲ್ಲಿ ದುಃಖ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಹೊರಗಿನವರಿಗೆ ಅದು ಹಟದಂತೆ, ಭ್ರಮೆಯಂತೆ ಕಾಣುತ್ತದೆ. ‘ಬರಬಹುದು, ಬಾರದೆಯೂ ಇರಬಹುದು’ ಎಂಬ ಎರಡೂ ಮಾತನ್ನು ಒಟ್ಟಿಗೆ ಇಟ್ಟುಕೊಂಡು ಬದುಕಲು ಜೊತೆಯಾಗುವುದೇ ಇದಕ್ಕೆ ಇರುವ ದಾರಿ. ಅನ್ನ ಎತ್ತಿಡುವುದನ್ನು ಬಿಡಿಸಬೇಕಾಗಿಲ್ಲ.

ನಮ್ಮ ಶಾಸ್ತ್ರಕ್ಕೂ ಇದು ಗೊತ್ತಿತ್ತು. ಕಾಣೆಯಾದವನಿಗೆ 12 ವರ್ಷ ಕಾಯಬೇಕು, ಆಮೇಲೆ ಮುತ್ತುಗದ ಎಲೆಯಿಂದ ಮನುಷ್ಯಾಕಾರ ಮಾಡಿ ದಹಿಸಬೇಕು ಎನ್ನುವ ಧರ್ಮಗ್ರಂಥಗಳೇ, ಅವನು ತಿರುಗಿ ಬಂದರೆ ಜಾತಕರ್ಮದಿಂದ ಹಿಡಿದು ಸಂಸ್ಕಾರಗಳನ್ನೆಲ್ಲ ಮತ್ತೆ ಮಾಡಿ ಎಂದೂ ಹೇಳಿವೆ. ಬಾಗಿಲನ್ನು ಪೂರ್ತಿ ಮುಚ್ಚಿಲ್ಲ ನೋಡಿ. ಹಾಗಂತ ಈ ಸಲಹೆಯನ್ನು ನೀವಾಗಿ ಕೊಡಲು ಹೋಗಬೇಡಿ. ಆ ಮನೆಯವರೇ ಕೇಳಿದರೆ ಮಾತ್ರ.

ಈಗ ಹೋಗಿ ‘ಅಮ್ಮ ಹಾಗೆ ಹೇಳಬಾರದಿತ್ತು’ ಅಂತ ಒಂದೇ ಮಾತು ಹೇಳಿ, ಸಮರ್ಥನೆಗೆ ಇಳಿಯಬೇಡಿ. ಮಗನ ಹೆಸರು ಕೇಳಿ, ಮುಂದೆ ಆ ಹೆಸರಿಟ್ಟೇ ಮಾತಾಡಿ. ಕ್ರಿಯಾಪದದ ಮೇಲೆ ನಿಗಾ ಇರಲಿ: ‘ಅವನಿಗೆ ಯಾವ ಪಲ್ಯ ಇಷ್ಟ ಇತ್ತು?’ ಅಂದರೆ ಕೊಂದಂತೆ, ‘ಯಾವ ಪಲ್ಯ ಇಷ್ಟ?’ ಅಂದರೆ ಸಾಕು. ತಮಿಳು ಬಂದರೆ ‘ಪಿಡಿಕ್ಕುಂ’ (ಇಷ್ಟವಾಗುತ್ತದೆ) ಅನ್ನಿ.

ಮೊಮ್ಮಗನ ವಿಷಯ ಬೇರೆ. ಮನೆಯ ಮೌನವನ್ನು ಮಕ್ಕಳು ತಮ್ಮದೇ ಊಹೆಯಿಂದ ತುಂಬಿಕೊಳ್ಳುತ್ತಾರೆ. ಆ ಊಹೆ ಸಾಮಾನ್ಯವಾಗಿ ನಿಜಕ್ಕಿಂತ ಭಯಂಕರವಾಗಿರುತ್ತದೆ. ತಾಯಿ ಹೇಳಬೇಕಾದದ್ದು ಮೂರೇ ಮಾತು: ನಮಗೆ ಗೊತ್ತಿರುವುದು ಇಷ್ಟು, ಗೊತ್ತಿಲ್ಲದ್ದು ಇದು, ಹುಡುಕುವುದನ್ನು ನಿಲ್ಲಿಸಿಲ್ಲ. ಅಜ್ಜಿಯನ್ನು ಡಾಕ್ಟರ ಬಳಿ ಕರೆದೊಯ್ಯುವಾಗ ಮೊಮ್ಮಗನನ್ನು ದುಭಾಷಿ ಮಾಡಿಕೊಳ್ಳದಿರಲಿ. ಅವನೆದುರು ಅಜ್ಜಿ ನಿಜ ಹೇಳುವುದಿಲ್ಲ, ಹೇಳಿದರೆ ಅದನ್ನು ಹುಡುಗ ಹೊರಬೇಕು. ತಮಿಳು ದುಭಾಷಿ ಬೇಕೆಂದು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿ. ಈ ದುಃಖ ಅನೇಕ ಸಲ ಎದೆನೋವು, ಮೈಕೈ ನೋವು, ನಿದ್ದೆಗೇಡು ಆಗಿ ಬರುತ್ತದೆ. ಟೆಸ್ಟ್‌ಗಳಲ್ಲಿ ಏನೂ ಸಿಗದಿದ್ದರೆ ಕಾಣೆಯಾದ ಮಗನ ವಿಷಯ ಡಾಕ್ಟರಿಗೆ ತಿಳಿಯಬೇಕು. ಊಟ ಬಿಟ್ಟರೆ, ‘ಸಾಯಬೇಕು’ ಅನ್ನತೊಡಗಿದರೆ ಕಾಯಬೇಡಿ. ಕೆನಡಾದಲ್ಲಿ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆ ಮಾಡಬಹುದು.

ತಡಮಾಡಬಾರದ ಇನ್ನೊಂದು ಕೆಲಸವಿದೆ, ಏಕೆಂದರೆ ಅಜ್ಜಿಗೆ ವಯಸ್ಸಾಗಿದೆ. 2025ರಲ್ಲಿ ಜಾಫ್ನಾ ಬಳಿಯ ಚೆಮ್ಮಣಿಯ ಸಾಮೂಹಿಕ ಸಮಾಧಿಯಲ್ಲಿ 200ಕ್ಕೂ ಹೆಚ್ಚು ಅಸ್ಥಿಪಂಜರ ಸಿಕ್ಕವು, ಜೊತೆಗೊಂದು ನೀಲಿ ಶಾಲಾ ಚೀಲ. ಇಂಥ ಮೂಳೆ ಯಾರದ್ದೆಂದು ಹೇಳಲು ಎರಡು ಬೇಕು: ಹತ್ತಿರದ ರಕ್ತಸಂಬಂಧಿಯ ಡಿಎನ್‌ಎ, ಮತ್ತು ಬದುಕಿದ್ದಾಗಿನ ಗುರುತು. ಹೆತ್ತವರ ಮಾದರಿಯೇ ಎಲ್ಲಕ್ಕಿಂತ ಉಪಯುಕ್ತ. ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಡಿ: ಎತ್ತರ, ಹಿಂದೆ ಮುರಿದು ಕೂಡಿದ ಮೂಳೆ, ಬಿದ್ದ ಅಥವಾ ತುಂಬಿಸಿದ ಹಲ್ಲು, ಕೊನೆಯ ಸಲ ಕಂಡ ದಿನ, ಜಾಗ, ತೊಟ್ಟಿದ್ದ ಬಟ್ಟೆ, ಕಣ್ಣಾರೆ ಕಂಡವರು. ಹಲ್ಲು ಕಾಣುವಂತೆ ನಕ್ಕ ಫೋಟೊ ಇದ್ದರೆ ಅದು ಪಾಸ್‌ಪೋರ್ಟ್ ಫೋಟೊಗಿಂತ ಉಪಯೋಗಕ್ಕೆ ಬರುತ್ತದೆ. ಯಾರಿಗೂ ಮೂಲಪ್ರತಿ ಕೊಡಬಾರದು, ಜೆರಾಕ್ಸ್ ಮಾತ್ರ. ‘ಗುಪ್ತ ಶಿಬಿರದಲ್ಲಿದ್ದಾನೆ, ಬಿಡಿಸುತ್ತೇನೆ’ ಎಂದು ಹಣ ಕೇಳುವವರು ಬಹಳ ಕುಟುಂಬಗಳನ್ನು ಸುಲಿದಿದ್ದಾರೆ. ಅರ್ಜಿ ಕೊಡಲು ಕೆನಡಾದ ರೆಡ್‌ಕ್ರಾಸ್‌ನ ಕುಟುಂಬ ಶೋಧ ವಿಭಾಗ, ಶ್ರೀಲಂಕಾದ ಕಾಣೆಯಾದವರ ಕಚೇರಿ ಇವೆ.

ಊರಲ್ಲಿ ಅವನ ಹೆಸರಿನ ಜಮೀನು, ಬ್ಯಾಂಕ್ ಖಾತೆ ಇದ್ದರೆ, ಅಲ್ಲಿನ 2016ರ ತಿದ್ದುಪಡಿ ಕಾನೂನಿನಂತೆ ಸೊಸೆ ಮರಣ ಪತ್ರದ ಬದಲು ‘ಗೈರುಹಾಜರಿ ಪ್ರಮಾಣಪತ್ರ’ಕ್ಕೆ ಅರ್ಜಿ ಹಾಕಬಹುದು. ಸತ್ತನೆಂದು ಸಹಿ ಹಾಕದೆ ಆಸ್ತಿಯ ವ್ಯವಹಾರ ನೋಡಿಕೊಳ್ಳಲು ಇದು ದಾರಿ.

ಮೇ ತಿಂಗಳು ಆ ಮನೆಗೆ ಭಾರವಾಗಿರುತ್ತದೆ. 18ರಂದು, ಯುದ್ಧ ಕೊನೆಗೊಂಡ ಊರಾದ ಮುಳ್ಳಿವಾಯ್ಕಾಲ್ ನೆನಪಿನಲ್ಲಿ ಗಂಜಿ ಮಾಡುತ್ತಾರೆ. ಅಕ್ಕಿ, ನೀರು, ಉಪ್ಪು, ಅಷ್ಟೇ. ಮುತ್ತಿಗೆಯ ಕೊನೆಯ ದಿನಗಳಲ್ಲಿ ಜನರಿಗೆ ಸಿಗುತ್ತಿದ್ದುದು ಅದೇ. ಕರೆದರೆ ಹೋಗಿ ಕುಡಿದು ಬನ್ನಿ, ಉಪ್ಪಿನಕಾಯಿ ಕೇಳಬೇಡಿ.