ಚೈನು, ಫ್ಯಾದಮ್, ನಾಟಿಕಲ್ ಮೈಲಿ: ಮೊದಲು ಅಡಿಗೆ ಇಳಿಸಿ

ಪ್ರಶ್ನೆ: ನಮ್ಮ ಹೊಲದ ಹಳೇ ಟಿಪ್ಪಣಿಯಲ್ಲಿ ಒಂದು ಬದು 7 ಚೈನು 9 ಆಣೆ ಅಂತಿದೆ. ಮೊಬೈಲ್‌ನಲ್ಲಿ ಲೆಕ್ಕ ಹಾಕಿದರೆ 152 ಮೀಟರ್ ಬರುತ್ತದೆ. ಟೇಪು ಹಿಡಿದರೆ 76 ಮೀಟರ್ ಮಾತ್ರ. ಅರ್ಧ ಹೊಲ ಎಲ್ಲಿ ಹೋಯಿತು? ಹಡಗಿನಲ್ಲಿ ಕೆಲಸ ಮಾಡುವ ಮಗ, ಇದು ಎಷ್ಟು ಫ್ಯಾದಮ್ ಆಗುತ್ತದೆ ಅಂತಲೂ ಕೇಳುತ್ತಿದ್ದಾನೆ. (ಓದುಗರು, ಆಳಂದ)

ಉತ್ತರ: ಗಾಬರಿ ಬೇಡ, ಹೊಲ ಎಲ್ಲೂ ಹೋಗಿಲ್ಲ. ನಿಮ್ಮ ಟೇಪು ಸರಿಯಾಗಿಯೇ ಇದೆ, ಮೊಬೈಲ್ ಬೇರೆ ಚೈನು ಹಿಡಿದಿದೆ. ಇಂಗ್ಲೆಂಡಿನ ಎಡ್ಮಂಡ್ ಗುಂಟರ್ 1620ರಲ್ಲಿ ಬಳಕೆಗೆ ತಂದ ಚೈನು 66 ಅಡಿ ಉದ್ದ, ಅದಕ್ಕೆ 100 ಕೊಂಡಿ. ಮೊಬೈಲ್ ಲೆಕ್ಕ ಹಾಕುವುದು ಅದರಲ್ಲೇ. ನಿಮ್ಮ ಟಿಪ್ಪಣಿಯ ಚೈನು 33 ಅಡಿಯದ್ದು. ಅದರ ಪಾಲು ಕೊಂಡಿಯಲ್ಲಿ ಅಲ್ಲ, ಆಣೆಯಲ್ಲಿ. ಹಳೇ ಕಾಲದ ರೂಪಾಯಿಯ ಹಾಗೆ ಚೈನಿಗೂ 16 ಆಣೆ. ಒಂದು ಆಣೆ ಅಂದರೆ 2 ಅಡಿ ಮುಕ್ಕಾಲು ಇಂಚು.

ಈಗ ನಿಮ್ಮ ಬದು ನೋಡಿ. 7 ಚೈನಿಗೆ 231 ಅಡಿ. 9 ಆಣೆಗೆ 18 ಅಡಿ 6¾ ಇಂಚು. ಒಟ್ಟು 249 ಅಡಿ 6¾ ಇಂಚು, ಅಂದರೆ 76.07 ಮೀಟರ್. ಟೇಪಿಗೆ ತಾಳೆ ಆಯಿತಲ್ವಾ?

33 ಅಡಿಯೇ ಯಾಕೆ ಅಂದರೆ, ಒಂದು ಚೈನು ಉದ್ದ, ಒಂದು ಚೈನು ಅಗಲದ ಜಾಗ ಸರಿಯಾಗಿ ಒಂದು ಗುಂಟೆ, 1,089 ಚದರ ಅಡಿ. ಅಂಥ 40 ಸೇರಿದರೆ ಎಕರೆ. 10 ಚೈನು ಉದ್ದ, 8 ಚೈನು ಅಗಲದ ಹೊಲ ಅಂದರೆ 80 ಗುಂಟೆ, 2 ಎಕರೆ. ಬಾಯಿಲೆಕ್ಕದಲ್ಲೇ ಮುಗಿಯುತ್ತದೆ. ಇದೇ ಹೊಲಕ್ಕೆ ಯಾರಾದರೂ 66 ಅಡಿಯ ಚೈನು ಹಾಕಿದರೆ ಉದ್ದ ಎರಡು ಪಟ್ಟು, ಜಮೀನು ನಾಲ್ಕು ಪಟ್ಟು! ಎರಡು ಎಕರೆ ಕಾಗದದ ಮೇಲೆ ಎಂಟಾಗಿ ಕೂರುತ್ತದೆ. ಅಣ್ಣ ತಮ್ಮಂದಿರು ಪಾಲು ಮಾಡಿಕೊಳ್ಳುವ ಹೊತ್ತಿನಲ್ಲಿ ಇಂಥ ತಪ್ಪು ದೊಡ್ಡ ಜಗಳಕ್ಕೇ ದಾರಿ. ಬಾಂದು ಕಲ್ಲಿನ ಬಗ್ಗೆ ತಕರಾರಿದ್ದರೆ ಮನೆಯಲ್ಲೇ ಲೆಕ್ಕ ಹಾಕುತ್ತಾ ಕೂರಬೇಡಿ, ಹದ್ದುಬಸ್ತಿಗೆ (ಸರ್ವೆಯವರು ಗಡಿ ಅಳೆದು ಗುರುತಿಸಿಕೊಡುವುದಕ್ಕೆ) ಅರ್ಜಿ ಕೊಡಿ.

ಮಗನ ಪ್ರಶ್ನೆ ಸುಲಭ. ಫ್ಯಾದಮ್ ಅಂದರೆ 6 ಅಡಿ. ಗುಂಟರ್ ಚೈನಿಗೆ ಸರಿಯಾಗಿ 11 ಫ್ಯಾದಮ್, ನಮ್ಮ ಚೈನಿಗೆ ಐದೂವರೆ. ನಿಮ್ಮ ಬದು ಸುಮಾರು 41.6 ಫ್ಯಾದಮ್. ಫ್ಯಾದಮ್ ಹುಟ್ಟಿದ್ದೂ ನಮ್ಮ ಮಾರಿನ ಹಾಗೆಯೇ, ಎರಡೂ ಕೈ ಚಾಚಿ ಹಗ್ಗ ಅಳೆಯುವ ರೂಢಿಯಿಂದ. ನಮ್ಮ ಮಾರು ಆಳಿನಿಂದ ಆಳಿಗೆ ಹೆಚ್ಚುಕಮ್ಮಿ ಆಗುತ್ತದೆ, ಫ್ಯಾದಮ್ ಮಾತ್ರ 6 ಅಡಿಗೆ ಗಟ್ಟಿಯಾಗಿ ನಿಂತಿದೆ. ಮಗನಿಗೆ ಇನ್ನೊಂದು ಮಾತೂ ಹೇಳಿ. ಹೊಲ ಅಳೆಯಲು ಚೈನು ಕೊಟ್ಟ ಅದೇ ಗುಂಟರ್, ಲೆಕ್ಕದ ಗೆರೆಗಳಿರುವ ಒಂದು ಪಟ್ಟಿಯನ್ನೂ ಮಾಡಿಟ್ಟ. ಅದರ ಮೇಲೆ ಡಿವೈಡರ್ ಇಟ್ಟು ನಾವಿಕರು ದಾರಿಯ ಲೆಕ್ಕ ಮಾಡುತ್ತಿದ್ದರು.

ಪ್ರಶ್ನೆ: ನಾಟಿಕಲ್ ಮೈಲಿ ನಮ್ಮ ಮೈಲಿಗಿಂತ ದೊಡ್ಡದು ಯಾಕೆ? ಒಂದು ಪುಸ್ತಕದಲ್ಲಿ 6,080 ಅಡಿ, ಇನ್ನೊಂದರಲ್ಲಿ 1,852 ಮೀಟರ್ ಇದೆ. (ವಿದ್ಯಾರ್ಥಿನಿ, ಬೀದರ್)

ಉತ್ತರ: ನೆಲದ ಮೈಲಿ ಚೈನಿನ ಲೆಕ್ಕ. ಗುಂಟರ್ ಚೈನು 80 ಆದರೆ ಒಂದು ಮೈಲಿ, 5,280 ಅಡಿ. ನಾಟಿಕಲ್ ಮೈಲಿ ಭೂಮಿಯ ಲೆಕ್ಕ. ಅಕ್ಷಾಂಶದ ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲು, ಅಂದರೆ ಒಂದು ಮಿನಿಟು, ಒಂದು ನಾಟಿಕಲ್ ಮೈಲಿ. ಅಟ್ಲಾಸ್ ತೆಗೆಯಿರಿ. ಕಲಬುರಗಿ ಸುಮಾರು 17 ಡಿಗ್ರಿ 20 ಮಿನಿಟಿನಲ್ಲಿದೆ, ಬೀದರ್ 17 ಡಿಗ್ರಿ 55 ಮಿನಿಟಿನಲ್ಲಿ. ಅಂದರೆ ನಿಮ್ಮೂರು ಕಲಬುರಗಿಗಿಂತ 35 ನಾಟಿಕಲ್ ಮೈಲಿ, ಸುಮಾರು 65 ಕಿಲೋಮೀಟರ್ ಉತ್ತರಕ್ಕಿದೆ. ಪೂರ್ವ-ಪಶ್ಚಿಮಕ್ಕೆ ಈ ಲೆಕ್ಕ ನಡೆಯುವುದಿಲ್ಲ, ರೇಖಾಂಶದ ಗೆರೆಗಳು ಧ್ರುವದ ಕಡೆ ಕೂಡುತ್ತಾ ಹೋಗುತ್ತವೆ.

ಭೂಮಿ ಸರಿಯಾದ ಗೋಳವಲ್ಲ. ಅದಕ್ಕೇ ಆ ಒಂದು ಪಾಲು ಸಮಭಾಜಕದ ಹತ್ತಿರ 1,843 ಮೀಟರ್, ಧ್ರುವದ ಹತ್ತಿರ 1,862. ಬ್ರಿಟಿಷರು 6,080 ಅಡಿ ಅಂತ ಇಟ್ಟುಕೊಂಡರು. 1929ರಲ್ಲಿ ಮೊನಾಕೊದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನ 1,852 ಮೀಟರ್ ಅಂತ ಗೊತ್ತುಮಾಡಿತು. ಬ್ರಿಟನ್ ಇದಕ್ಕೆ ಬಂದದ್ದು 1970ರಲ್ಲಿ. ಹಾಗಾಗಿ ಪುಸ್ತಕದ ವರ್ಷ ನೋಡಿ, ನಿಮ್ಮ ಎರಡೂ ಪುಸ್ತಕ ಸುಳ್ಳು ಹೇಳಿಲ್ಲ.

ಡಿಗ್ರಿಯ ಉದ್ದ ಗೊತ್ತಾಗಬೇಕಾದರೆ ಮೊದಲು ನೆಲವನ್ನೇ ಅಳೆಯಬೇಕು. ಆ ಕೆಲಸ ನಿಮ್ಮೂರ ಹತ್ತಿರವೇ ನಡೆದಿದೆ, ಇದನ್ನು ಬೀದರಿನ ಪ್ರತಿ ಶಾಲೆಯಲ್ಲೂ ಹೇಳಬೇಕು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಶುರುಮಾಡಿದ, ಭಾರತದ ನೆಲ ಅಳೆಯುವ ಮಹಾ ಸರ್ವೆಗೆ 1815ರಲ್ಲಿ ಬೀದರ್ ಬಳಿ ಬೇಸ್‌ಲೈನ್ (ಉಳಿದ ದೂರಗಳ ಲೆಕ್ಕಕ್ಕೆ ಆಧಾರವಾಗುವ ನೇರ ಗೆರೆ) ಅಳೆದರು. ಮದ್ರಾಸಿನಲ್ಲಿ ಅವರು ಹಿಡಿದಿದ್ದ ಉಕ್ಕಿನ ಚೈನು 100 ಅಡಿ, ಎರಡೂವರೆ ಅಡಿಯ 40 ಕೊಂಡಿ. ಚೈನಿಗೆ ಬಿಸಿಲೇ ಶತ್ರು. ಹತ್ತು ಡಿಗ್ರಿ ಸೆಲ್ಸಿಯಸ್ ಜಾಸ್ತಿ ಆದರೆ ಉಕ್ಕು ಹಿಗ್ಗಿ, ಮೈಲಿಗೆ ಸುಮಾರು 7 ಇಂಚು ತಪ್ಪು ಬರುತ್ತದೆ. ನಮ್ಮ ಬೇಸಿಗೆಯಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅಷ್ಟು ಅಂತರ ಸುಮ್ನೆ ಆಗಿಬಿಡುತ್ತದೆ! 1841ರಲ್ಲಿ ಅದೇ ಬೀದರ್ ಬೇಸ್‌ಲೈನನ್ನು ಮತ್ತೆ ಅಳೆದಾಗ ಕಬ್ಬಿಣ ಮತ್ತು ಹಿತ್ತಾಳೆ ಜೋಡಿಸಿದ, 10 ಅಡಿಯ ಕೋಲ್ಬಿ ಸರಳುಗಳನ್ನು ಬಳಸಿದರು. ಎರಡು ಲೋಹ ಬೇರೆ ಬೇರೆಯಾಗಿ ಹಿಗ್ಗುವುದರಿಂದ, ಅವುಗಳ ತುದಿಗೆ ಹೊಂದಿಸಿದ ಗುರುತು ಮಾತ್ರ ಇದ್ದಲ್ಲೇ ಇರುವ ಹಾಗೆ ಮಾಡಿದ್ದರು.

ಪ್ರಶ್ನೆ: ಹಳೇ ಸಮುದ್ರಯಾನದ ಕಥೆಗಳಲ್ಲಿ 'ಎರಡು ಕೇಬಲ್ ದೂರ', 'ನಾಲ್ಕು ಲೀಗ್' ಅಂತ ಬರುತ್ತದೆ. ಎಷ್ಟು ಅಂತ ತಿಳಿಯಬೇಕು? (ಓದುಗರು, ಶಹಾಪುರ)

ಉತ್ತರ: ಹಡಗು ಬ್ರಿಟಿಷರದ್ದಾದರೆ ಒಂದು ಕೇಬಲ್ 608 ಅಡಿ, ನಾಟಿಕಲ್ ಮೈಲಿಯ ಹತ್ತನೇ ಒಂದು ಪಾಲು. ಅಮೆರಿಕದ ನೌಕಾಪಡೆಯದ್ದಾದರೆ 120 ಫ್ಯಾದಮ್, 720 ಅಡಿ. ಲೀಗ್ ಕಡಲಿನಲ್ಲಿ 3 ನಾಟಿಕಲ್ ಮೈಲಿ, ಸುಮಾರು 5.56 ಕಿಲೋಮೀಟರ್. ಇಂಗ್ಲಿಷರ ನೆಲದ ಲೀಗ್ 3 ಸಾದಾ ಮೈಲಿ, 4.83 ಕಿಲೋಮೀಟರ್. ಹಡಗು ಇಂಗ್ಲಿಷರದ್ದಾದರೆ ನಾಲ್ಕು ಲೀಗ್ ಅಂದರೆ 22 ಕಿಲೋಮೀಟರಿಗೆ ಸ್ವಲ್ಪ ಮೇಲೆ. ಸ್ಪೇನ್, ಫ್ರಾನ್ಸಿನ ಲೀಗ್ ಬೇರೆ ಬೇರೆ ಇದ್ದವು, ಅವಕ್ಕೆ ಈ ಲೆಕ್ಕ ಹಚ್ಚಬೇಡಿ.