ಓದುಗರ ಪ್ರಶ್ನೆ: ಅನಾರ್ಕಿ ಖಳನೇ?

ಪ್ರಶ್ನೆ: ಬ್ಯಾಟ್‌ಮ್ಯಾನ್ ಕಾಮಿಕ್ಸ್‌ನಲ್ಲಿ ಬರುವ ಅನಾರ್ಕಿ ಎಂಬ ಹುಡುಗನನ್ನು ಕೆಲವರು ಖಳನೆನ್ನುತ್ತಾರೆ, ಕೆಲವರು ಕ್ರಾಂತಿಕಾರಿ ಎನ್ನುತ್ತಾರೆ. ಅವನ ರಾಜಕೀಯ ಚಿಂತನೆ ಬರಿಯ ವೇಷವೇ? ಯಾವ ಸಂಚಿಕೆಯಿಂದ ಓದು ಆರಂಭಿಸಬೇಕು?
— ಓದುಗರೊಬ್ಬರು, ಧಾರವಾಡ

ಉತ್ತರ: ಅವನನ್ನು ಖಳನೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಲೇಖಕ ಅಲನ್ ಗ್ರಾಂಟ್ ಮತ್ತು ಚಿತ್ರಕಾರ ನಾರ್ಮ್ ಬ್ರೇಫೋಗಲ್ ಈ ಪಾತ್ರವನ್ನು 1989ರ ನವೆಂಬರ್ ತಿಂಗಳ ‘ಡಿಟೆಕ್ಟಿವ್ ಕಾಮಿಕ್ಸ್’ 608ನೇ ಸಂಚಿಕೆಯಲ್ಲಿ ಮೊದಲು ತಂದರು. ಅನಾರ್ಕಿಯ ಮುಖವಾಡದ ಹಿಂದಿರುವ ಲಾನಿ ಮೇಚಿನ್ ಎಂಬ 12 ವರ್ಷದ ಬಾಲಕ, ಬ್ಯಾಟ್‌ಮ್ಯಾನನ ಊರಾದ ಗಾಥಂ ನಗರದ ಪತ್ರಿಕೆಯಲ್ಲಿ ಅಚ್ಚಾಗುವ ವಾಚಕರ ಪತ್ರಗಳನ್ನು ಓದಿ, ಅಲ್ಲಿನ ದೂರುಗಳನ್ನೇ ತನಗೆ ಬಂದ ಅಹವಾಲುಗಳೆಂದು ಭಾವಿಸಿ ಹೊರಡುತ್ತಾನೆ. ನದಿಗೆ ವಿಷ ಹರಿಸುವ ಕಾರ್ಖಾನೆಯ ಮಾಲೀಕ, ಹಳೆಯ ಕಟ್ಟಡಗಳನ್ನು ಕೆಡವಿ ಏಳುತ್ತಿರುವ ಬ್ಯಾಂಕು, ಇವು ಅವನ ಗುರಿಗಳು. ಓದುಗರ ಪತ್ರಗಳ ನಡುವೆಯೇ ದಿನ ಕಳೆಯುವ ನನಗೆ, ಆ ಪತ್ರಗಳನ್ನು ಇಷ್ಟು ಶ್ರದ್ಧೆಯಿಂದ ಓದುವ ಹುಡುಗ ಹೇಗೆ ತಾನೇ ಪರಕೀಯನಾದಾನು!

ಅವನ ಉಡುಪನ್ನು ಗಮನಿಸಿ. ಕೆಂಪು ನಿಲುವಂಗಿ, ಚಿನ್ನದ ಬಣ್ಣದ ಮುಖವಾಡ, ಅಗಲ ಅಂಚಿನ ಟೋಪಿ. ಎತ್ತರದವನಂತೆ ಕಾಣಲೆಂದು ಹುಡುಗನ ನಿಜವಾದ ತಲೆಯ ಮೇಲೆ ಇನ್ನೊಂದು ಕೃತಕ ತಲೆ. ವಯಸ್ಸನ್ನು ಮರೆಮಾಡುವ ಉಪಾಯವೇ ಆಗಿದ್ದರೂ, ದೊಡ್ಡವರ ಲೋಕ ಮಗುವಿನ ನ್ಯಾಯದ ಮಾತನ್ನು ಕೇಳಬೇಕಾದರೆ ಅದು ದೊಡ್ಡವರ ಎತ್ತರಕ್ಕೆ ಏರಿ ನಿಲ್ಲಬೇಕಾದ ದುಃಖವನ್ನು ಬ್ರೇಫೋಗಲ್ ಅವರ ಚಿತ್ರ ಒಂದೇ ನೋಟದಲ್ಲಿ ಹೇಳಿಬಿಡುತ್ತದೆ.

ಹಾಗೆಂದು ಅವನ ದಾರಿಯನ್ನು ಸಮರ್ಥಿಸಲಾಗದು. ವಿದ್ಯುತ್ ಆಘಾತ ನೀಡುವ ಕೋಲು ಹಿಡಿದು ಒಬ್ಬನೇ ತೀರ್ಪು ಕೊಟ್ಟು ಒಬ್ಬನೇ ಶಿಕ್ಷಿಸುವವನು, ಅಧಿಕಾರವನ್ನು ವಿರೋಧಿಸುತ್ತಲೇ ತಾನೂ ಒಂದು ಅಧಿಕಾರವಾಗುತ್ತಾನೆ. ಬಾಲಕನ ಕೈಯಿಂದ ಕೊಲೆ ಮಾಡಿಸಬಾರದೆಂದು ಸಂಪಾದಕ ಡೆನ್ನಿಸ್ ಓನೀಲ್ ಸಲಹೆ ನೀಡಿದ್ದರಿಂದ ಗ್ರಾಂಟ್ ಕಥೆಯನ್ನು ತಿದ್ದಿದರು. ಆ ತಿದ್ದುಪಡಿಯೇ ಪಾತ್ರವನ್ನು ಉಳಿಸಿತೆಂದು ನನ್ನ ನಂಬಿಕೆ. ಹುಡುಗನ ಕಾಳಜಿಗೆ ಮರುಗುತ್ತಲೇ ಅವನನ್ನು ತಡೆಯುವ ಬ್ಯಾಟ್‌ಮ್ಯಾನನ ಸಂಕಟಕ್ಕೂ ಅದರಿಂದಲೇ ಅರ್ಥ ಬಂದಿದೆ.

ಚಿಂತನೆ ವೇಷವಲ್ಲ. ಗ್ರಾಂಟ್ ತಮ್ಮ ಅರಾಜಕತಾವಾದಿ (ಆಳುವ ಅಧಿಕಾರವೇ ಬೇಡವೆನ್ನುವ) ಒಲವನ್ನೇ ಪಾತ್ರಕ್ಕೆ ಧಾರೆಯೆರೆದಿದ್ದರು. 1990ರ ಕಥೆಯೊಂದರಲ್ಲಿ ಲಾನಿ ಕಂಪ್ಯೂಟರಿನ ಮೂಲಕ ದೊಡ್ಡ ಕಂಪನಿಗಳ ಹಣವನ್ನು ಸೆಳೆದು ಬಡದೇಶಗಳ ರೈತರಿಗೆ ಹಂಚುತ್ತಾನೆ. 1997ರ ನಾಲ್ಕು ಸಂಚಿಕೆಗಳ ಸರಣಿಯಲ್ಲೂ 1999ರಲ್ಲಿ ಎಂಟೇ ಸಂಚಿಕೆಗಳಿಗೆ ನಿಂತ ಸರಣಿಯಲ್ಲೂ ತತ್ತ್ವದ ಉಪನ್ಯಾಸವೇ ಹೆಚ್ಚಾಗಿದೆ. ಆದ್ದರಿಂದ ನೀವು 608 ಮತ್ತು 609ನೇ ಸಂಚಿಕೆಗಳಿಂದಲೇ ಆರಂಭಿಸಿ.