ಹಾಜರಾತಿ ಕಡ್ಡಾಯ ಮಾಡಲಾ?

ಪ್ರಶ್ನೆ: ನಮ್ಮ ಕಂಪನಿಯ ಬೇರೆ ಬೇರೆ ಟೀಮ್‌ಗಳಲ್ಲಿ ಒಟ್ಟು 15 ಜನ ಸಾಫ್ಟ್‌ವೇರ್ ಟೆಸ್ಟರ್‌ಗಳಿದ್ದೇವೆ. ಒಬ್ಬರಿಂದೊಬ್ಬರು ಕಲಿಯೋಣ ಅಂತ ತಿಂಗಳಿಗೊಮ್ಮೆ ಸೇರುವ ಗುಂಪು ಶುರು ಮಾಡಿದೆ. ಪ್ರತಿ ಸಲ ಒಬ್ಬರು ಸ್ಲೈಡ್ ಹಾಕಿ ಮಾತಾಡುತ್ತಾರೆ. ಈಗ ಬರುವುದು ನಾಲ್ಕೇ ಜನ, ಅದರಲ್ಲೂ ಹೊಸಬರಿಬ್ಬರು ಬಾಯೇ ಬಿಡುವುದಿಲ್ಲ. ಹಾಜರಾತಿ ಕಡ್ಡಾಯ ಮಾಡಿ ಅನ್ನುತ್ತಾರೆ ಮ್ಯಾನೇಜರ್. ಏನು ಮಾಡಲಿ?

ಉತ್ತರ: ಬೇಡ. ಕಡ್ಡಾಯ ಮಾಡಿದರೆ 15 ಜನವೂ ಬಂದು, ಲ್ಯಾಪ್‌ಟಾಪ್ ತೆರೆದು, ಸುಮ್ನೆ ತಮ್ಮ ಮೇಲ್ ನೋಡುತ್ತಾ ಕೂರುತ್ತಾರೆ.

ನನ್ನ ಅನುಮಾನ ಆ ಸ್ಲೈಡ್‌ಗಳ ಮೇಲೆ. ಅವುಗಳಲ್ಲಿ ಬರುವುದು ಮುಗಿದ, ಒಪ್ಪ ಮಾಡಿದ ಕೆಲಸ. ಜನ ಜಾಸ್ತಿ ಕಲಿಯುವುದು ಎಲ್ಲೋ ಸಿಕ್ಕಿಕೊಂಡಾಗ ಅಲ್ವಾ? ಜೂಲಿಯನ್ ಓರ್ ಎಂಬ ಸಂಶೋಧಕ ಜೆರಾಕ್ಸ್ ಕಂಪನಿಯ (ನಕಲು ಪ್ರತಿಗೆಲ್ಲ ನಾವು ಜೆರಾಕ್ಸ್ ಅನ್ನುತ್ತೇವಲ್ಲ, ಅದೇ) ರಿಪೇರಿ ಮಾಡುವವರ ಜೊತೆ ಓಡಾಡಿ ನೋಡಿದಾಗ, ಕೈಪಿಡಿಯಲ್ಲಿ ಇಲ್ಲದ ದೋಷ ಎದುರಾದರೆ ಅವರಿಗೆ ಕೆಲಸಕ್ಕೆ ಬರುತ್ತಿದ್ದುದು ತಿಂಡಿ, ಕಾಫಿಯ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡ ಕಥೆಗಳು: ಆ ಮೆಷಿನ್ ಹೇಗೆ ಕೈಕೊಟ್ಟಿತು, ಮೊದಲು ಯಾವುದನ್ನು ತಪ್ಪಾಗಿ ಶಂಕಿಸಿದೆ, ಕೊನೆಗೆ ಏನು ಸಿಕ್ಕಿತು. 1990ರ ದಶಕದಲ್ಲಿ ಅದೇ ಕಂಪನಿ ಇಂಥ ಸುಳಿವುಗಳನ್ನು ಕೂಡಿಡಲು ಯುರೇಕಾ ಎಂಬ ವ್ಯವಸ್ಥೆ ತಂದಿತು. ಸುಳಿವು ಕೊಟ್ಟವರ ಹೆಸರು ಅದರ ಜೊತೆಗೇ ಇರುತ್ತಿತ್ತು. ಅದು ಸರಿಯೇ ಎಂದು ನೋಡುತ್ತಿದ್ದವರೂ ಅದೇ ಕೆಲಸ ಬಲ್ಲವರು.

ಬಾಯಿ ಬಿಡದ ಇಬ್ಬರ ಬಗ್ಗೆ ಚಿಂತೆ ಬೇಡ, ಅವರು ಬರುತ್ತಿದ್ದಾರಲ್ಲ! ಮಾನವಶಾಸ್ತ್ರಜ್ಞೆ ಜೀನ್ ಲೇವ್ ಅವರು ಲೈಬೀರಿಯಾದ ದರ್ಜಿಗಳ ನಡುವೆ ಕಂಡಂತೆ, ಹೊಸಬರು ಮೊದಲು ಗುಂಡಿ ಹಾಕುತ್ತಾರೆ, ಅಂಚು ಹೊಲಿಯುತ್ತಾರೆ. ಬಟ್ಟೆ ಕತ್ತರಿಸುವುದು ಎಷ್ಟೋ ಕಾಲದ ಮೇಲೆ, ಅಷ್ಟರಲ್ಲಿ ಇಡೀ ಉಡುಪು ಹೇಗೆ ಕೂಡಿಕೊಳ್ಳುತ್ತದೆ ಅನ್ನುವುದು ಕಣ್ಣಿಗೆ ಕೂತಿರುತ್ತದೆ. ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ 'ಕಮ್ಯುನಿಟಿ ಆಫ್ ಪ್ರಾಕ್ಟೀಸ್' (ಒಂದೇ ಬಗೆಯ ಕೆಲಸ ಮಾಡುತ್ತಾ ಒಬ್ಬರಿಂದೊಬ್ಬರು ಕಲಿಯುವ ಗುಂಪು) ಎಂಬ ಮಾತು ತಂದಾಗ ಹೇಳಿದ್ದೂ ಇದನ್ನೇ: ಅಂಚಿನಲ್ಲಿ ಇದ್ದುಕೊಂಡು ಚಿಕ್ಕಪುಟ್ಟ ಕೆಲಸ ಮಾಡುವುದೂ ಕಲಿಕೆಯೇ. ಆ ಇಬ್ಬರಿಗೂ ಒಂದು ಗುಂಡಿ ಕೊಡಿ, ಅಂದರೆ ಹೇಳಿದ ಸುಳಿವನ್ನು ಎರಡು ಸಾಲಿನಲ್ಲಿ ಬರೆದಿಡುವ ಕೆಲಸ.

ಮುಂದಿನ ಸಲ ಸ್ಲೈಡ್ ಬಿಡಿ. "ಮೂರು ದಿನದಿಂದ ಈ ಬಗ್ ಹಿಡಿಯಲು ಆಗುತ್ತಿಲ್ಲ, ಯಾರಾದರೂ ಬನ್ನಿ" ಅಂತ ನೀವೇ ಮೊದಲು ಕೇಳಿ. ಮ್ಯಾನೇಜರ್ ಹತ್ತಿರ ಕೆಲಸದ ವೇಳೆಯಲ್ಲೇ ಒಂದು ಗಂಟೆ ಕೇಳಿಕೊಳ್ಳಿ, ಆದರೆ ಅವರನ್ನು ಒಳಗೆ ಕೂರಿಸಬೇಡಿ, ಬಾಸ್ ಮುಂದೆ ಯಾರೂ ತಮ್ಮ ತಪ್ಪು ಹೇಳಿಕೊಳ್ಳುವುದಿಲ್ಲ. ಆಗಲೂ ಜನ ಬರಲಿಲ್ಲವೆಂದರೆ, ಆ 15 ಜನರ ತಲೆನೋವು ಒಂದೇನಾ ಅಂತ ವಿಚಾರಿಸಿ. ಬೇರೆ ಬೇರೆಯಾದರೆ ಗುಂಪನ್ನು ಎರಡು ಮಾಡಿ.